ಗುರುವಾರದ ಮನೆ

ಕೇಳುಗರಿಗೆ ನಮಸ್ಕಾರ. ‘ನಮ್ಮ ತೆರಿಗೆ ದುಡ್ಡಲ್ಲಿ ಬಿಟ್ಟಿ ಅಕ್ಕಿ ಯಾಕೆ ಸಾರ್? ಇರುವವರು ದಾನ ಮಾಡಿದರೆ ಸಾಲದಾ?’ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದಷ್ಟು ಕಾಲವೂ ಈ ಪ್ರಶ್ನೆ ಕೇಳಿದ್ದೇನೆ. ನನ್ನ ಉತ್ತರ ಒಂದೇ. ದಾನ ನಡೆಯುವುದು ಕೊಡುವವರ ಅನುಕೂಲ ನೋಡಿಕೊಂಡು. ಹಸಿವು ಅದನ್ನೆಲ್ಲ ನೋಡುವುದಿಲ್ಲ.

ನಮ್ಮ ತಂದೆ ಮೈಸೂರಿನಲ್ಲಿ ವಾರಾನ್ನದಲ್ಲಿ ಓದಿದವರು. ಈಗಿನ ಮಕ್ಕಳಿಗೆ ಆ ಮಾತೇ ಗೊತ್ತಿಲ್ಲ. ವಾರಕ್ಕೆ ಏಳು ದಿನ, ಊಟಕ್ಕೆ ಏಳು ಮನೆ. ಸೋಮವಾರ ವಕೀಲರ ಮನೆ, ಮಂಗಳವಾರ ಮೇಷ್ಟರ ಮನೆ, ಹೀಗೆ. ಗುರುವಾರದ ಮನೆಯವರು ಬಹಳ ಒಳ್ಳೆಯವರು. ಅನ್ನದ ಮೇಲೆ ಧಾರಾಳವಾಗಿ ತುಪ್ಪ ಹಾಕುತ್ತಿದ್ದರಂತೆ. ಆದರೆ ಅವರಿಗೆ ನೆಂಟರು ಜಾಸ್ತಿ. ಮದುವೆ, ಮುಂಜಿ ಅಂತ ಹೊರಟರೆ ಬಾಗಿಲಿಗೆ ಬೀಗ. ವಾರದ ಹುಡುಗನಿಗೆ ಹೇಳಿ ಹೋಗಬೇಕು ಅಂತ ಯಾರಿಗೆ ನೆನಪಾಗುತ್ತೆ? ಅಪ್ಪ ಬೀಗ ನೋಡಿ, ಬೀದಿ ನಲ್ಲಿಯಲ್ಲಿ ನೀರು ಕುಡಿದು ಸ್ಕೂಲಿಗೆ ಹೋಗುತ್ತಿದ್ದರು. ಶುಕ್ರವಾರದ ಮನೆಗೆ ಒಂದು ದಿನ ಮೊದಲೇ ಹೋಗಿ ನಿಲ್ಲಲು ನಾಚಿಕೆ. ಅಪ್ಪನಿಗೆ ಏಳು ಮನೆ ಸಿಕ್ಕಿದ್ದೂ ಜಾತಿಯಿಂದ. ಅದೇ ಬೆಂಚಿನ ಇನ್ನೊಬ್ಬ ಹುಡುಗನಿಗೆ ಒಂದು ಮನೆಯೂ ಸಿಗಲಿಲ್ಲ. ಪರೀಕ್ಷೆಗೆ ಮುಂಚೆಯೇ ಅವನು ಊರಿಗೆ ವಾಪಸ್ ಹೋದ.

ಮಠಗಳ ದಾಸೋಹ ದೊಡ್ಡದು, ಇಲ್ಲ ಅನ್ನುವುದಿಲ್ಲ. ಸಿದ್ಧಗಂಗೆಯಲ್ಲಿ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಊಟ ಹಾಕುತ್ತಾರೆ. ಆದರೆ ರಾಯಚೂರಿನ ಹಳ್ಳಿಯ ಎಲ್ಲ ಮಕ್ಕಳೂ ಊಟಕ್ಕೆ ತುಮಕೂರಿಗೆ ಬರಲು ಆಗುತ್ತಾ? ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ. ಮರುವರ್ಷ ನಮ್ಮ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾಯಿತು. ಹೆಸರು ಅಕ್ಷರ ದಾಸೋಹ. ಮಾತು ಮಠದ್ದು, ದುಡ್ಡು ತೆರಿಗೆಯದ್ದು. ಯಾರ ಮನೆಯಲ್ಲಿ ಮುಂಜಿಯಿದ್ದರೂ ಶಾಲೆ ನಡೆಯುವ ದಿನ ಆ ಒಲೆ ಉರಿಯಬೇಕು.

ತೆರಿಗೆ ಅಂದರೆ ಸಂಬಳದವರು ಕಟ್ಟುವುದು ಮಾತ್ರ ಅಲ್ಲ, ಸ್ವಾಮಿ. ಕೂಲಿಯವರು ಸೋಪು ಕೊಂಡರೂ ಜಿಎಸ್‌ಟಿ ಕಟ್ಟುತ್ತಾರೆ. ಬಿಟ್ಟಿ ಎಲ್ಲಿಂದ ಬಂತು? ಪಿಂಚಣಿ, ಗೃಹಲಕ್ಷ್ಮಿ ಬಗ್ಗೆಯೂ ಹೇಳಬೇಕು ಅಂತಿದ್ದೆ. ಅಪ್ಪನ ಕಥೆಯೇ ಸಮಯ ತಿಂದುಬಿಟ್ಟಿತು.

ಮೊನ್ನೆ ರೇಷನ್ ಅಂಗಡಿಯಲ್ಲಿ ಒಬ್ಬ ಅಜ್ಜಿ, ‘ಅರ್ಧ ಕೆಜಿ ಕಮ್ಮಿ ಇದೆ ಕಣಪ್ಪಾ’ ಅಂದರು. ‘ಬಿಟ್ಟಿ ಅಕ್ಕಿಗೆ ಇಷ್ಟೊಂದು ಜಗಳನಾ ಅಜ್ಜಿ?’ ಅಂದ ಅಂಗಡಿಯವನು. ‘ನಿಮ್ಮಪ್ಪನ ಮನೆ ಅಕ್ಕಿನಾ? ಸರಿಯಾಗಿ ತೂಕ ಹಾಕು.’

ಗುರುವಾರದ ಮನೆಯವರನ್ನು ನಮ್ಮಪ್ಪ ಹೀಗೆ ಕೇಳಲು ಆಗುತ್ತಿತ್ತಾ?

ಅಂಗಡಿಯವನು ಗೊಣಗುತ್ತಲೇ ಇನ್ನೆರಡು ಬೊಗಸೆ ಹಾಕಿದ. ಅಜ್ಜಿ ತೂಕದ ಮೆಷಿನ್ನಿನ ಅಂಕಿ ನೋಡಿಯೇ ಚೀಲದ ಬಾಯಿ ಕಟ್ಟಿದರು.