ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಕಂಪ್ಯೂಟರ್ ಕ್ರ್ಯಾಶ್ ಮತ್ತು ಕೆಟ್ಟ ಡ್ರೈವರ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಜಾಸ್ತಿ ಜನ ಡಿಟಿಪಿ ಸೆಂಟರ್, ಜೆರಾಕ್ಸ್ ಅಂಗಡಿ, ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವರು. ಹಾಗಾಗಿ ಪೀಠಿಕೆ ಬೇಡ. ಸೀದಾ ಒಂದು ಪ್ರೆಸ್ಸಿಗೆ ಹೋಗೋಣ.

ಮದುವೆ ಸೀಸನ್. ಪ್ರೆಸ್ಸಿನ ಕಂಪ್ಯೂಟರ್ ಬೆಳಗ್ಗೆಯಿಂದ ಚೆನ್ನಾಗೇ ಇರುತ್ತಿತ್ತು. ಸಂಜೆ ಆರರ ಮೇಲೆ ನೀಲಿ ಪರದೆ, ತಾನೇ ರೀಸ್ಟಾರ್ಟ್. ಮಾಲೀಕರಿಗೆ ಮೊದಲು ಅನುಮಾನ ಬಂದಿದ್ದು ಕೋರೆಲ್‌ಡ್ರಾ ಮೇಲೆ, ಯಾಕೆಂದರೆ ಪ್ರತಿ ಸಲವೂ ಅದು ತೆರೆದಿರುತ್ತಿತ್ತು. (ಪ್ರೆಸ್ಸಿನಲ್ಲಿ ಅದು ತೆರೆದಿಲ್ಲದ ಹೊತ್ತು ಯಾವುದು ಹೇಳಿ!) ಆಮೇಲೆ ವೈರಸ್ ಅಂದರು. ಆಮೇಲೆ ವೋಲ್ಟೇಜ್ ಅಂದರು, ಹೊಸ ಯುಪಿಎಸ್ ಬಂತು. ಕೊನೆಗೆ ಒಬ್ಬ ಹುಡುಗ ಬಂದು ಫಾರ್ಮ್ಯಾಟ್ ಹೊಡೆದ. ಒಂದೆರಡು ದಿನ ಸುಮ್ಮನಿದ್ದು ಮತ್ತೆ ಶುರು. ಹೀಗೆ ಮೂರು ಸಲ. ಪ್ರತಿ ಸಲವೂ ಕನ್ನಡದ ನುಡಿ ತಂತ್ರಾಂಶ ಹಾಕಬೇಕು, ಫಾಂಟುಗಳನ್ನು ಹುಡುಕಿ ಕೂರಿಸಬೇಕು, ಪ್ರಿಂಟರ್ ಸೆಟ್ ಮಾಡಬೇಕು. ಡೆಸ್ಕ್‌ಟಾಪಿನ ಮೇಲೆ ಇಟ್ಟಿದ್ದ ಒಂದು ಲಗ್ನಪತ್ರಿಕೆಯಂತೂ ಹೋಗೇ ಹೋಯಿತು, ಹುಡುಗಿ ಕಡೆಯವರು ಅಂಗಡಿಗೇ ಬಂದು ಕೂತಿದ್ದರಂತೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಫಾರ್ಮ್ಯಾಟ್ ಅಂದರೆ ನನಗೆ ನೆನಪಾಗುವುದು ಇದೇ ಗಾದೆ.

ನಾನು ಹೋದಾಗ ಮಷಿನ್ ಮುಟ್ಟಲಿಲ್ಲ. "ಸಾರ್, ಸಂಜೆ ಆರಕ್ಕೆ ಏನು ಮಾಡ್ತೀರಿ?" ಅಂತ ಕೇಳಿದೆ. ದಿನದ ಫೈಲುಗಳನ್ನೆಲ್ಲ ಬೆಂಗಳೂರಿನ ಆಫ್‌ಸೆಟ್‌ಗೆ ಕಳಿಸುತ್ತೇವೆ ಅಂದರು. ದೊಡ್ಡ ದೊಡ್ಡ ಪಿಡಿಎಫ್, ಒಂದೊಂದು ಇನ್ನೂರು ಮುನ್ನೂರು ಎಂಬಿ. ಇಂಟರ್‌ನೆಟ್ ಹೇಗೆ ಬರುತ್ತದೆ ಅಂದೆ. ಸಿಪಿಯು ಹಿಂದೆ ಚುಚ್ಚಿದ್ದ ಒಂದು ಪುಟಾಣಿ ಯುಎಸ್‌ಬಿ ವೈ-ಫೈ ತೋರಿಸಿದರು. ಅದರ ಜೊತೆ ಬಂದಿದ್ದ ಡ್ರೈವರ್ (ಅಂದರೆ ಆ ಸಾಧನವನ್ನು ವಿಂಡೋಸ್ ಜೊತೆ ಮಾತಾಡಿಸುವ ತಂತ್ರಾಂಶ) ಸಿಡಿಯನ್ನು ಕವರ್ ಸಮೇತ ಜೋಪಾನವಾಗಿ ಇಟ್ಟಿದ್ದರು ಪಾಪ. ಮೂರು ಸಲ ಫಾರ್ಮ್ಯಾಟ್, ಮೂರು ಸಲವೂ ಅದೇ ಸಿಡಿ!

ಇಷ್ಟಕ್ಕೇ ತೀರ್ಪು ಕೊಡಬಾರದು, ಅಲ್ವಾ. ವಿಂಡೋಸ್ ಸಾಮಾನ್ಯವಾಗಿ ಇಂಥ ಪ್ರತಿ ಕ್ರ್ಯಾಶ್‌ಗೂ ಒಂದು ಪಂಚನಾಮೆ ಬರೆದಿಡುತ್ತದೆ. ಸಿ ಡ್ರೈವ್, ವಿಂಡೋಸ್ ಫೋಲ್ಡರ್, ಅದರೊಳಗೆ ಮಿನಿಡಂಪ್ ಅಂತ ಇನ್ನೊಂದು ಫೋಲ್ಡರ್. ಫೈಲಿನ ಹೆಸರಲ್ಲೇ ತಾರೀಖು ಇರುತ್ತದೆ. ಅಲ್ಲಿ ಒಂಬತ್ತು ಫೈಲು ಇದ್ದವು. ನಿರ್‌ಸಾಫ್ಟ್‌ನವರ ಬ್ಲೂಸ್ಕ್ರೀನ್‌ವ್ಯೂ ಅನ್ನುವ ಸಣ್ಣ ಉಚಿತ ತಂತ್ರಾಂಶದಲ್ಲಿ ತೆರೆದೆ. ಒಂಬತ್ತರಲ್ಲೂ ಒಂದೇ ಕೋಡ್: ಡ್ರೈವರ್ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್. ಒಂಬತ್ತರಲ್ಲೂ ಒಂದೇ ಡ್ರೈವರ್ ಫೈಲಿನ ಹೆಸರು. ಆ ಫೈಲನ್ನು ಹುಡುಕಿ ಪ್ರಾಪರ್ಟೀಸ್ ನೋಡಿದರೆ ವೈ-ಫೈ ಚಿಪ್ ಮಾಡಿದವರದ್ದು, 2013ನೇ ಇಸವಿಯದ್ದು. ಮಷಿನ್‌ನಲ್ಲಿದ್ದದ್ದು ವಿಂಡೋಸ್ 10, ಅದು ಬಂದದ್ದೇ 2015ರಲ್ಲಿ.

ಆ ಕೋಡ್ ಹೇಳುವುದು ಇಷ್ಟು. ಸಿಸ್ಟಮ್ ಯಾವುದೋ ತುರ್ತು ಕೆಲಸದಲ್ಲಿದೆ, ಒಂದು ಕ್ಷಣವೂ ಕಾಯುವಂತಿಲ್ಲ. ಅಂಥ ಹೊತ್ತಲ್ಲಿ ಒಂದು ಡ್ರೈವರ್ ಮೆಮೊರಿಯಲ್ಲಿ ಇಲ್ಲದ ಜಾಗಕ್ಕೆ, ಇಲ್ಲವೇ ತಾನು ಮುಟ್ಟಬಾರದ ಜಾಗಕ್ಕೆ ಕೈ ಹಾಕಿದೆ. ಕಡಿಮೆ ಕೆಲಸ ಇದ್ದಾಗ ಈ ತಪ್ಪು ಹೊರಗೆ ಬರದೇ ಇರಬಹುದು. ಮುನ್ನೂರು ಎಂಬಿ ಅಪ್‌ಲೋಡ್‌ಗೆ ಕೂತಾಗ ಬರುತ್ತದೆ. ಸಂಜೆ ಆರರ ಗುಟ್ಟು ಅದೇ.

ಒಂದು ಡ್ರೈವರ್ ತಪ್ಪಿದರೆ ಇಡೀ ಕಂಪ್ಯೂಟರ್ ಯಾಕೆ ಬೀಳಬೇಕು ಅಂತ ಕೇಳುತ್ತಾರೆ. ನಿಮ್ಮ ಮನೆ ಫ್ಯೂಸ್ ಹೋದರೆ ನಿಮ್ಮನೆ ಮಾತ್ರ ಕತ್ತಲೆ. ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟರೆ? ಬ್ರೌಸರ್, ಕೋರೆಲ್‌ಡ್ರಾ ಎಲ್ಲ ಮನೆಗಳಿದ್ದಂತೆ, ಬಿದ್ದರೆ ತಾವು ಮಾತ್ರ ಬೀಳುತ್ತವೆ. ಡ್ರೈವರ್‌ಗಳಲ್ಲಿ ಹೆಚ್ಚಿನವು ಕರ್ನಲ್, ಅಂದರೆ ವಿಂಡೋಸ್‌ನ ತಿರುಳು, ಅದರ ಒಳಗೇ ಕೂತು ಕೆಲಸ ಮಾಡುತ್ತವೆ, ಅಲ್ಲಿ ತಡೆಗೋಡೆ ಇಲ್ಲ. ಕರ್ನಲ್ ಒಳಗೆ ಎಡವಟ್ಟಾಯಿತು ಅಂತ ಗೊತ್ತಾದ ಕೂಡಲೇ ವಿಂಡೋಸ್ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಮುಂದುವರಿದರೆ ನಿಮ್ಮ ಫೈಲುಗಳೇ ಹಾಳಾಗಬಹುದು. ನೀಲಿ ಪರದೆಯನ್ನು ಬೈಯಬೇಡಿ. (ವಿಂಡೋಸ್ 11ರಲ್ಲಿ 2025ರಿಂದ ಅದು ಕಪ್ಪಾಗಿದೆ.)

2024ರ ಜುಲೈ 19 ನೆನಪಿದೆಯಾ? ವಿಮಾನ ನಿಲ್ದಾಣಗಳಲ್ಲಿ ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರಲ್ಲ, ಬೆಂಗಳೂರಲ್ಲೂ ಚೆಕ್-ಇನ್‌ಗೆ ಸಾಲು ನಿಂತಿತಲ್ಲ, ಅದು. ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶದ ಡ್ರೈವರ್ ಕರ್ನಲ್ ಒಳಗೆ ಕೂತಿತ್ತು. ಆವತ್ತು ಡ್ರೈವರ್ ಬದಲಾಗಲಿಲ್ಲ, ಅದು ಓದುವ ಒಂದು ಸಣ್ಣ ಫೈಲು ಹೊಸದಾಗಿ ಬಂತು. ಒಳಗಿನ ಕೋಡ್ ಕೊಟ್ಟಿದ್ದು 20 ಮೌಲ್ಯ, ಹೊಸ ಫೈಲು ಕೇಳಿದ್ದು 21ನೆಯದನ್ನು. ಇಲ್ಲದ ಜಾಗಕ್ಕೆ ಕೈ ಹಾಕಿತು, ಬಿತ್ತು. ನಮ್ಮ ಗಡಿಯಾರದಲ್ಲಿ ಬೆಳಗ್ಗೆ 9:39ಕ್ಕೆ ಬಿಟ್ಟ ಫೈಲನ್ನು 78 ನಿಮಿಷದಲ್ಲಿ ವಾಪಸ್ ತೆಗೆದುಕೊಂಡರು. ಅಷ್ಟರಲ್ಲಿ ಮೈಕ್ರೋಸಾಫ್ಟ್ ಲೆಕ್ಕದಲ್ಲೇ ಸುಮಾರು 85 ಲಕ್ಷ ಮಷಿನ್ ಮಲಗಿದ್ದವು. ಬಹಳಷ್ಟು ಕಡೆ ಜನ ಒಂದೊಂದೇ ಮಷಿನ್ ಮುಂದೆ ಕೂತು, ಸೇಫ್ ಮೋಡ್‌ಗೆ (ತೀರಾ ಬೇಕಾದ ಡ್ರೈವರ್‌ಗಳಷ್ಟೇ ಓಡುವ ಸ್ಥಿತಿಗೆ) ಹೋಗಿ, ಆ ಒಂದು ಫೈಲು ಅಳಿಸಿದರು. ಗಮನಿಸಿ, ಫಾರ್ಮ್ಯಾಟ್ ಮಾಡಲಿಲ್ಲ.

ನಿಮ್ಮ ಮಷಿನ್ ಪದೇ ಪದೇ ಬೀಳುತ್ತಿದ್ದರೆ ಮೊದಲು ಸ್ಟಾರ್ಟ್‌ನಲ್ಲಿ ರಿಲಯಬಿಲಿಟಿ ಅಂತ ಟೈಪ್ ಮಾಡಿ. ದಿನದ ಲೆಕ್ಕದಲ್ಲಿ ಒಂದು ಪಟ್ಟಿ ಬರುತ್ತದೆ, ಕೆಂಪು ಗುರುತು ಶುರುವಾದ ದಿನ ಯಾವುದು, ಅದರ ಹಿಂದೆ ಮುಂದೆ ಯಾವ ಅಪ್‌ಡೇಟ್ ಬಂತು, ಏನು ಹೊಸದಾಗಿ ಹಾಕಿದಿರಿ ಅಂತ ಅಲ್ಲೇ ಕಾಣುತ್ತದೆ. ಆಮೇಲೆ ಮಿನಿಡಂಪ್. ಒಂದನ್ನೇ ನೋಡಿ ನಂಬಬೇಡಿ, ಕನಿಷ್ಠ ಮೂರು ನಾಲ್ಕು ನೋಡಿ. ಎನ್‌ಟಿಓಎಸ್‌ಕರ್ನಲ್ ಅಂತ ಹೆಸರು ಬಂದರೆ ಅದನ್ನು ಹಿಡಿದು ಕೂರಬೇಡಿ. ಅದು ವಿಂಡೋಸ್‌ನ ಕರ್ನಲ್ಲೇ, ಸಾಮಾನ್ಯವಾಗಿ ಬೇರೆಯವರ ತಪ್ಪು ಅದರ ತಲೆಗೆ ಬಂದಿರುತ್ತದೆ. ಇನ್ನೂ ಆಳಕ್ಕೆ ಇಳಿಯುವವರಿಗೆ ಮೈಕ್ರೋಸಾಫ್ಟ್‌ನ ವಿನ್‌ಡಿಬಿಜಿ ಇದೆ, ಅದೂ ಉಚಿತ.

ಪ್ರತಿ ಡಂಪ್‌ನಲ್ಲೂ ಬೇರೆ ಬೇರೆ ಕೋಡ್, ಬೇರೆ ಬೇರೆ ಫೈಲು ಬಂದರೆ ಡ್ರೈವರ್ ಬಿಡಿ, ರ‍್ಯಾಮ್ ಮೇಲೆ ಕಣ್ಣಿಡಿ. ಮೆಮ್‌ಟೆಸ್ಟ್86 ಹಾಕಿ ರಾತ್ರಿಯಿಡೀ ಬಿಡಿ. ಎರಡು ರ‍್ಯಾಮ್ ಇದ್ದರೆ ಒಂದನ್ನು ತೆಗೆದು ಒಂದೊಂದರಲ್ಲೇ ಓಡಿಸಿ. ವ್ಹಿಯಾ (WHEA) ಅನ್ನುವ ಕೋಡ್ ಬಂದರೂ ಸಾಮಾನ್ಯವಾಗಿ ಹಾರ್ಡ್‌ವೇರ್ ಕಡೆಯದ್ದೇ.

ಹೆಸರು ಸಿಕ್ಕಿತು ಅಂತಿಟ್ಟುಕೊಳ್ಳಿ. ಅಪ್‌ಡೇಟ್ ಆದಮೇಲೆ ಶುರುವಾಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ರೋಲ್ ಬ್ಯಾಕ್ ಒತ್ತಿ. ಆ ಬಟನ್ ಮಂಕಾಗಿದ್ದರೆ ಹಳೆಯದು ಉಳಿದಿಲ್ಲ ಅಂತ ಅರ್ಥ. ಆಗ ಅನ್‌ಇನ್‌ಸ್ಟಾಲ್ ಮಾಡಬೇಕು. ಅಲ್ಲೊಂದು ಚೌಕ ಬರುತ್ತದೆ, ಡ್ರೈವರ್ ತಂತ್ರಾಂಶವನ್ನೂ ಅಳಿಸಲೇ ಅಂತ. ಅದಕ್ಕೆ ಟಿಕ್ ಹಾಕದಿದ್ದರೆ ರೀಸ್ಟಾರ್ಟ್ ಆದಾಗ ಅದೇ ಡ್ರೈವರ್ ಮತ್ತೆ ಬಂದು ಕೂರುತ್ತದೆ. ಹೊಸದನ್ನು ಲ್ಯಾಪ್‌ಟಾಪ್ ಕಂಪನಿಯ ಇಲ್ಲವೇ ಮದರ್‌ಬೋರ್ಡ್ ಕಂಪನಿಯ ಸೈಟಿನಿಂದ, ಮಾಡೆಲ್ ನಂಬರ್ ಹಾಕಿಯೇ ಇಳಿಸಿಕೊಳ್ಳಿ. ಒಂದೇ ಕ್ಲಿಕ್‌ನಲ್ಲಿ ಎಲ್ಲ ಡ್ರೈವರ್ ಅಪ್‌ಡೇಟ್ ಅನ್ನುವ ಉಚಿತ ತಂತ್ರಾಂಶಗಳನ್ನು ನಾನಂತೂ ಹತ್ತಿರ ಸೇರಿಸುವುದಿಲ್ಲ. ಬೇರೆ ಮಾಡೆಲ್‌ನ ಡ್ರೈವರ್ ತಂದು ಹಾಕಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಬದಲಾಯಿಸಿದ ಮೇಲೆ ಶಟ್‌ಡೌನ್ ಮಾಡಿ ಆನ್ ಮಾಡಬೇಡಿ, ರೀಸ್ಟಾರ್ಟ್ ಕೊಡಿ. ಇದು ವಿಚಿತ್ರ ಅನ್ನಿಸಬಹುದು. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಇದೆ, ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ಕರ್ನಲ್ ಪೂರ್ತಿ ಮುಚ್ಚುವುದಿಲ್ಲ, ಇದ್ದ ಸ್ಥಿತಿಯನ್ನೇ ಡಿಸ್ಕಿಗೆ ಬರೆದಿಟ್ಟು ಬೆಳಗ್ಗೆ ಮತ್ತೆ ಎತ್ತಿಕೊಳ್ಳುತ್ತದೆ, ನಿನ್ನೆಯ ಡ್ರೈವರ್ ರಗಳೆಯೂ ಜೊತೆಗೇ ಬರುತ್ತದೆ. ರೀಸ್ಟಾರ್ಟ್ ಆದರೆ ಎಲ್ಲ ಹೊಸದಾಗಿ ಶುರು.

ಯಾವ ಹೆಸರೂ ಸಿಗದಿದ್ದಾಗ ಕೊನೆಯ ದಾರಿ ಡ್ರೈವರ್ ವೆರಿಫೈಯರ್. ಸ್ಟಾರ್ಟ್‌ನಲ್ಲಿ ವೆರಿಫೈಯರ್ ಅಂತ ಟೈಪ್ ಮಾಡಿದರೆ ಸಿಗುತ್ತದೆ, ವಿಂಡೋಸ್ 2000ದಿಂದ ಜೊತೆಗೇ ಬರುತ್ತಿದೆ. ಮೈಕ್ರೋಸಾಫ್ಟ್‌ನದ್ದಲ್ಲದ ಡ್ರೈವರ್‌ಗಳನ್ನಷ್ಟೇ ಆರಿಸಿ. ಅದು ಆ ಡ್ರೈವರ್‌ಗಳನ್ನು ಬೇಕಂತಲೇ ಗೋಳು ಹೊಯ್ದುಕೊಂಡು, ತಪ್ಪಿದ ಕೂಡಲೇ ಮಷಿನ್ ಬೀಳಿಸಿ ಹೆಸರು ಹೇಳಿಸುತ್ತದೆ. ಆನ್ ಆಗುವಾಗಲೇ ಬಿದ್ದು ಬಿದ್ದು ಏಳುವ ಪರಿಸ್ಥಿತಿ ಬರಬಹುದು. ಹೆದರಬೇಡಿ, ಸೇಫ್ ಮೋಡ್‌ಗೆ ಹೋಗಿ ವೆರಿಫೈಯರ್ ರೀಸೆಟ್ ಕೊಟ್ಟರೆ ಸರಿಹೋಗುತ್ತದೆ. ಆದರೆ ಶುರು ಮಾಡುವ ಮುಂಚೆ ರಿಸ್ಟೋರ್ ಪಾಯಿಂಟ್ ಮಾಡಿ, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಯ ಕೀ ಬರೆದು ಕೈಲಿಟ್ಟುಕೊಳ್ಳಿ. ಅದಿಲ್ಲದೆ ಸೇಫ್ ಮೋಡ್ ಬಾಗಿಲಲ್ಲೇ ಸಿಕ್ಕಿಹಾಕಿಕೊಂಡವರು ನನ್ನ ಹತ್ತಿರ ಬಂದಿದ್ದಾರೆ, ಏನೂ ಮಾಡಲಾಗಲಿಲ್ಲ.

ಪ್ರೆಸ್ಸಿನ ಕಥೆ ಅರ್ಧಕ್ಕೆ ನಿಂತಿತು. ಆ ವೈ-ಫೈಗೆ ವಿಂಡೋಸ್ 10ರ ಡ್ರೈವರ್ ಬಂದೇ ಇರಲಿಲ್ಲ. ಕಿತ್ತು ಹಾಕಿ, ಡ್ರೈವರ್ ಅಳಿಸಿ, ರೂಟರ್‌ನಿಂದ ಹದಿನೈದು ಮೀಟರ್ ಲ್ಯಾನ್ ಕೇಬಲ್ ಎಳೆದೆವು. ಸಿಡಿಯನ್ನು ನಾನೇ ಇಸಕೊಂಡು ಬಂದೆ. ಬಿಟ್ಟಿದ್ದರೆ ಆ ಹುಡುಗ ಮತ್ತೆ ಹಾಕುತ್ತಿದ್ದ.

ಮಿನಿಡಂಪ್ ಫೋಲ್ಡರ್ ಕಾಪಿ ಮಾಡಿ ತನ್ನಿ ಅಂತ ಹೇಳಿದ್ದೆವಲ್ಲ, ಯಾರು ಯಾರು ತಂದಿದ್ದೀರಿ? ಪೆನ್‌ಡ್ರೈವ್ ಹೀಗೆ ಮುಂದೆ ಕೊಡಿ, ಪ್ರೊಜೆಕ್ಟರ್‌ನಲ್ಲೇ ತೆರೆದು ನೋಡೋಣ.