ಉಪ್ಪು ಇಳಿಸಿದಾಗ ಮಾತ್ರೆಯ ಲೆಕ್ಕವೂ ಬದಲಾಗುತ್ತದೆ

ಎಲ್ಲರಿಗೂ ನಮಸ್ಕಾರ.

ಬಿ.ಪಿ. ಇದ್ದವರು ಉಪ್ಪು ಕಮ್ಮಿ ಮಾಡಬೇಕು ಎಂಬುದು ನಿಮಗೆ ಗೊತ್ತಿರುವ ಮಾತೇ. ಒಬ್ಬರಿಗೆ ದಿನಕ್ಕೆ 5 ಗ್ರಾಮಿನ ಒಳಗೆ, ಅಂದರೆ ಸುಮಾರು ಒಂದು ಟೀ ಚಮಚ. ನಾಲ್ಕು ಜನರ ಮನೆಗೆ ಕಿಲೋ ಪ್ಯಾಕೆಟ್ 50 ದಿನವಾದರೂ ಬರಬೇಕು. ಉಪ್ಪಿನಕಾಯಿ, ಹಪ್ಪಳ ತಿನ್ನುವವರಾದರೆ ಇನ್ನೂ ಹೆಚ್ಚು ದಿನ. ಇವತ್ತಿನ ಮಾತು ಅದರ ಮುಂದಿನದು. ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಉಪ್ಪು ಇಳಿಸುವುದೂ ಡೋಸ್ ಬದಲಿಸುವುದೂ ಒಂದೇ. ಅದನ್ನು ಡಾಕ್ಟರಿಗೆ ಹೇಳದೆ ಮಾಡಬಾರದು.

ರಾಮಿಪ್ರಿಲ್, ಎನಲಾಪ್ರಿಲ್, ಟೆಲ್ಮಿಸಾರ್ಟಾನ್, ಲೊಸಾರ್ಟಾನ್ ಎಂಬ ಬಿ.ಪಿ. ಮಾತ್ರೆಗಳು ಉಪ್ಪು ಕಮ್ಮಿ ಇದ್ದಾಗ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತವೆ. ಒಳ್ಳೆಯದೇ. ಆದರೆ ಉಪ್ಪನ್ನು ಒಮ್ಮೆಲೇ ಇಳಿಸಿ, ಜೊತೆಗೆ ಮೂತ್ರ ಹೋಗಿಸುವ ಮಾತ್ರೆಯೂ ಇದ್ದರೆ, ಬೆಳಿಗ್ಗೆ ಎದ್ದಾಗ ಕಣ್ಣು ಕತ್ತಲೆ ಬರಬಹುದು. ಕೂತು ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ಬಿ.ಪಿ. ನೋಡಿ. ಮೇಲಿನ ಅಂಕಿ 20 ಇಳಿದಿದ್ದರೆ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್ತಾಲಿಡೋನ್ ಎಂಬ ಮೂತ್ರ ಹೋಗಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರಲ್ಲಿ ರಕ್ತದ ಸೋಡಿಯಂ (ಉಪ್ಪಿನಲ್ಲಿರುವ ಅಂಶ) 135ಕ್ಕಿಂತ ಕೆಳಗಿಳಿಯುವುದುಂಟು. ತುಂಬಾ ಇಳಿದರೆ ಗೊಂದಲ, ತೂರಾಟ ಕಾಣುತ್ತದೆ. ಅದನ್ನು ವಯಸ್ಸಿನ ತಲೆಗೆ ಕಟ್ಟಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಇನ್ನು ಅಂಗಡಿಯ 'ಲೋ ಸೋಡಿಯಂ' ಉಪ್ಪು. ಪ್ಯಾಕೆಟ್ ಹಿಂದೆ ತಿರುಗಿಸಿ ಓದಿ: ಪೊಟ್ಯಾಸಿಯಂ ಕ್ಲೋರೈಡ್ ಅಂತ ಇರುತ್ತದೆ. ಅದು ನೂರಕ್ಕೆ 30 ಪಾಲು ಇದ್ದರೆ, 5 ಗ್ರಾಂ ಉಪ್ಪಿನಲ್ಲಿ ಸುಮಾರು 780 ಮಿಲಿಗ್ರಾಂ ಪೊಟ್ಯಾಸಿಯಂ ಹೊಟ್ಟೆಗೆ ಹೋಗುತ್ತದೆ. ಕಿಡ್ನಿ ಸರಿಯಿದ್ದವರಿಗೆ ಇದು ಲಾಭವೇ. ಆದರೆ ಮೊದಲು ಹೇಳಿದ ರಾಮಿಪ್ರಿಲ್ ಮುಂತಾದ ನಾಲ್ಕು ಮಾತ್ರೆಗಳೂ, ಮೂತ್ರ ಹೋಗಿಸುವ ಇನ್ನೊಂದು ಮಾತ್ರೆಯಾದ ಸ್ಪೈರೊನೊಲ್ಯಾಕ್ಟೋನೂ ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುವುದನ್ನು ತಡೆಯುತ್ತವೆ. ಮೂತ್ರದ ಸೋಂಕಿಗೆ ಕೊಡುವ ಟ್ರೈಮೆಥೊಪ್ರಿಮ್ ಕೂಡ ಹಾಗೆಯೇ. ರಕ್ತದಲ್ಲಿ 5ರ ಒಳಗೆ ನಿಲ್ಲಬೇಕಾದ ಪೊಟ್ಯಾಸಿಯಂ 6 ದಾಟಿದರೆ ಹೃದಯದ ಬಡಿತ ತಪ್ಪಬಹುದು, ಅದೂ ಮುನ್ಸೂಚನೆಯಿಲ್ಲದೆ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಇಂಥ ಉಪ್ಪನ್ನು ಶಿಫಾರಸು ಮಾಡಿದಾಗಲೂ ಕಿಡ್ನಿ ತೊಂದರೆ ಇದ್ದವರನ್ನು, ಗರ್ಭಿಣಿಯರನ್ನು, ಮಕ್ಕಳನ್ನು ಹೊರಗಿಟ್ಟಿದೆ. ಸೈಂಧವ ಲವಣಕ್ಕೆ ಹೋದರೂ ಉಪಯೋಗವಿಲ್ಲ. ಅದೂ ಮಾಮೂಲಿ ಉಪ್ಪಿನ ಹಾಗೆ ಸೋಡಿಯಂ ಕ್ಲೋರೈಡೇ.

ಅತ್ಯಂತ ಎಚ್ಚರ ಬೇಕಾದದ್ದು ಲಿಥಿಯಂ ವಿಷಯದಲ್ಲಿ. ಮೂಡ್ ಏರಿಳಿತದ ಬೈಪೋಲಾರ್ ಕಾಯಿಲೆಗೆ ಕೊಡುವ ಔಷಧಿ ಇದು. ಕಿಡ್ನಿ ಲಿಥಿಯಮ್ಮನ್ನು ಸೋಡಿಯಂನಂತೆಯೇ ಕಾಣುತ್ತದೆ. ಊಟದಲ್ಲಿ ಉಪ್ಪು ಕಡಿಮೆಯಾದರೆ ಸೋಡಿಯಂ ಉಳಿಸಿಕೊಳ್ಳಲು ಹೊರಟು ಲಿಥಿಯಮ್ಮನ್ನೂ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಡೋಸ್ ಅದೇ ಇದ್ದರೂ ರಕ್ತದ ಮಟ್ಟ ಏರುತ್ತದೆ. 1949ರ ಸುಮಾರಿಗೆ ಅಮೆರಿಕದಲ್ಲಿ ಉಪ್ಪು ಬಿಟ್ಟ ರೋಗಿಗಳಿಗೆ ಲಿಥಿಯಂ ಕ್ಲೋರೈಡನ್ನೇ ಬದಲಿ ಉಪ್ಪಾಗಿ ಮಾರಿ, ಸಾವುಗಳಾಗಿ, ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಲಿಥಿಯಂ ತೆಗೆದುಕೊಳ್ಳುವವರು ಉಪ್ಪನ್ನು ದಿನಕ್ಕೊಂದು ರೀತಿ ಮಾಡಬೇಡಿ. ಉಪವಾಸ, ಪಥ್ಯ ಎಲ್ಲ ಮೊದಲೇ ಕೇಳಿ. ಇಳಿಸಲೇಬೇಕಾದರೆ, ಇಳಿಸಿದ ಐದರಿಂದ ಏಳು ದಿನಕ್ಕೆ ರಕ್ತದ ಲಿಥಿಯಂ ಮಟ್ಟ ನೋಡಿಸಿ, ಕೊನೆಯ ಡೋಸ್ ಆಗಿ 12 ಗಂಟೆ ಕಳೆದ ಮೇಲೆ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ಮಾತು ತೊದಲುವುದು ಕಂಡರೆ ಮುಂದಿನ ಮಾತ್ರೆ ನುಂಗುವ ಮೊದಲು ಆಸ್ಪತ್ರೆಗೆ ಹೋಗಿ. ಐಬುಪ್ರೊಫೇನ್, ಡೈಕ್ಲೊಫೆನಾಕ್ ಎಂಬ ನೋವಿನ ಮಾತ್ರೆಗಳು ಇದೇ ಅಪಾಯವನ್ನು ಹೆಚ್ಚಿಸುತ್ತವೆ; ಬಿ.ಪಿ. ಮಾತ್ರೆಯ ಕೆಲಸವನ್ನೂ ಕೆಡಿಸುತ್ತವೆ.

ಇನ್ನೊಂದು ಗಮನಿಸಿ: ನೀರಿಗೆ ಹಾಕಿದರೆ ನೊರೆ ಬರುವ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಮಾತ್ರೆ ಒಂದರಲ್ಲಿ 400 ಮಿಲಿಗ್ರಾಂ ಆಸುಪಾಸು ಸೋಡಿಯಂ ಇರುತ್ತದೆ, ಅಂದರೆ ಒಂದು ಗ್ರಾಂ ಉಪ್ಪಿನಷ್ಟು. ದಿನಕ್ಕೆ ಐದು ತೆಗೆದುಕೊಂಡರೆ ಊಟಕ್ಕೆ ಮೊದಲೇ ಆ ದಿನದ ಪಾಲು ಮುಗಿದಿರುತ್ತದೆ. ಮಾಮೂಲಿ ಗುಳಿಗೆ ಕೇಳಿ ತೆಗೆದುಕೊಳ್ಳಿ.