ಡ್ರೈವರ್ ಬರೆಯುವಾಗ ರಿಮೂವ್ ಬಗ್ಗೆ ಮೊದಲು ಯೋಚಿಸಿ

ನಮಸ್ಕಾರ. ಮಂಗಳೂರು, ಉಡುಪಿ ಕಡೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಬರೆದ ಲಿನಕ್ಸ್ ಡ್ರೈವರ್‌ಗಳನ್ನು ನಾನು ಆಗಾಗ ನೋಡುತ್ತೇನೆ. ಡಿವೈಸ್ ಸಿಕ್ಕಾಗ ಕರ್ನಲ್ (ಲಿನಕ್ಸ್‌ನ ತಿರುಳು) ಕರೆಯುವ ಪ್ರೋಬ್ ಫಂಕ್ಷನ್ ಚೆಂದ ಇರುತ್ತದೆ. ಡಿವೈಸ್ ತೆಗೆದಾಗ ಕರೆಯುವ ರಿಮೂವ್ ಫಂಕ್ಷನ್‌ನಲ್ಲಿ ಎರಡೇ ಸಾಲು. ಇದು ಬದಲಾಗಬೇಕು ಮಾರಾಯ್ರೆ. ರಿಮೂವ್ ಹೇಗಿರಬೇಕು ಅಂತ ಮೊದಲು ಯೋಚಿಸಿ, ಆಮೇಲೆ ಪ್ರೋಬ್ ಬರೆಯಿರಿ.

ಲಾಕ್ ಅನ್ನೇ ನೋಡಿ, ಅಂದರೆ ಒಂದು ಡೇಟಾವನ್ನು ಒಂದು ಹೊತ್ತಿಗೆ ಒಬ್ಬರೇ ಮುಟ್ಟುವಂತೆ ಕಾಯುವ ಬೀಗ. ಅದನ್ನು ಶುರು ಮಾಡುವ ನಿಯಮ ಸುಲಭ. ಇಂಟರಪ್ಟ್ (ಹಾರ್ಡ್‌ವೇರ್ ಕೊಡುವ ಕರೆ) ಕೇಳಿ ಪಡೆಯುವ ಮೊದಲು ಲಾಕ್ ಸಿದ್ಧ ಇರಬೇಕು. ಯಾಕೆಂದರೆ ಪ್ರೋಬ್ ಮುಗಿಯುವ ಮೊದಲೇ ಆ ಕರೆಗೆ ಓಗೊಡುವ ಹ್ಯಾಂಡ್ಲರ್ ಓಡಬಹುದು. ಲಾಕ್ ಇನಿಟ್ ಮರೆತರೆ ತಕ್ಷಣ ಗೊತ್ತಾಗುತ್ತದೆ ಅಂತ ನಂಬಬೇಡಿ. ಮೆಮೊರಿ ಕೊಡುವ ಕರ್ನಲ್ ಫಂಕ್ಷನ್ ಕೆಜೆಡ್‌ಅಲಾಕ್ (kzalloc) ಕೊಟ್ಟ ಮೆಮೊರಿ ಪೂರ್ತಿ ಸೊನ್ನೆ. ಅದರಲ್ಲಿರುವ ಮ್ಯೂಟೆಕ್ಸ್ (ಕಾಯುವವರನ್ನು ಮಲಗಿಸುವ ಬಗೆಯ ಲಾಕ್) ಯಾರೂ ಹಿಡಿಯದ ಮ್ಯೂಟೆಕ್ಸ್‌ನ ಹಾಗೇ ಕಾಣುತ್ತದೆ. ಒಬ್ಬರೇ ಬಳಸುವಾಗ ಎಲ್ಲ ಸರಿ. ಎರಡನೆಯವರು ಬಂದು ಕಾಯಬೇಕಾದಾಗ, ಕಾಯುವವರ ಪಟ್ಟಿಯ ಪಾಯಿಂಟರ್ ನಲ್ (ಖಾಲಿ) ಆಗಿರುತ್ತದೆ. ಕರ್ನಲ್ ಅಲ್ಲೇ ಬೀಳುತ್ತದೆ. 2006ರಿಂದ ಕರ್ನಲ್‌ನಲ್ಲಿರುವ ಲಾಕ್‌ಡೆಪ್ (ಲಾಕ್ ತಪ್ಪು ಹುಡುಕುವ ಸಾಧನ) ಆನ್ ಮಾಡಿದ್ದರೆ, ಮೊದಲ ಸಲ ಲಾಕ್ ಹಿಡಿದಾಗಲೇ ಅದು ಎಚ್ಚರಿಸುತ್ತದೆ. ಸುಮ್ನೆ ಆಫ್ ಇಡಬೇಡಿ.

ನಿಜವಾದ ಕಷ್ಟ ಇರುವುದು ತೆಗೆಯುವಾಗ. ಮೊದಲು ಹಾರ್ಡ್‌ವೇರ್‌ನ ಇಂಟರಪ್ಟ್ ನಿಲ್ಲಿಸಿ, ಹ್ಯಾಂಡ್ಲರ್ ಅನ್ನು ಬಿಡಿಸುವ ಫ್ರೀ ಐಆರ್‌ಕ್ಯೂ ಕರೆಯಿರಿ. ಓಡುತ್ತಿರುವ ಹ್ಯಾಂಡ್ಲರ್ ಮುಗಿಯುವವರೆಗೆ ಅದು ಕಾಯುತ್ತದೆ. ಆಮೇಲೆ ನಿಲ್ಲಿಸಬೇಕಾದದ್ದು ಟೈಮರ್ ಮತ್ತು ನಂತರ ಮಾಡುವ ವರ್ಕ್‌ಗಳ ಸಾಲಾದ ವರ್ಕ್‌ಕ್ಯೂ. ಟೈಮರ್ ವರ್ಕ್ ಅನ್ನು ಎಬ್ಬಿಸುತ್ತದೆ, ವರ್ಕ್ ಪುನಃ ಟೈಮರ್ ಹಾಕುತ್ತದೆ. ಈ ಸುತ್ತು ಕಡಿಯದೆ, ಲಾಕ್ ತೆಗೆಯುವ ಫಂಕ್ಷನ್ ಆದ ಮ್ಯೂಟೆಕ್ಸ್ ಡಿಸ್ಟ್ರಾಯ್ ಮುಟ್ಟಬಾರದು. ಅದು ಮಾಮೂಲಿ ಕರ್ನಲ್‌ನಲ್ಲಿ ಏನೂ ಮಾಡುವುದಿಲ್ಲ, ನಿಜ. ಆದರೆ ತಪ್ಪು ಹುಡುಕುವ ಆಯ್ಕೆ ಆನ್ ಇರುವ ಡೀಬಗ್ ಕರ್ನಲ್‌ನಲ್ಲಿ, ಹಿಡಿದಿರುವ ಲಾಕ್ ಅನ್ನು ತೆಗೆದರೆ ಹಿಡಿದುಕೊಡುತ್ತದೆ. ಅದಕ್ಕೇ ಬರೆಯಬೇಕು.

"ಡೆವ್‌ಎಂ ಉಂಟಲ್ವಾ, ಅದೇ ನೋಡಿಕೊಳ್ಳುತ್ತದೆ" ಅನ್ನುವವರು ಜಾಸ್ತಿ. ಡೆವ್‌ಎಂ ಅಂದರೆ ಡ್ರೈವರ್ ಪಡೆದದ್ದನ್ನು ತಾನೇ ಬಿಡಿಸುವ ಕರ್ನಲ್ ವ್ಯವಸ್ಥೆ. ಅದು ಒಳ್ಳೆಯದೇ. ಆದರೆ ಅದು ಕೆಲಸ ಮಾಡುವುದು ರಿಮೂವ್ ಮುಗಿದ ಮೇಲೆ. ಇಂಟರಪ್ಟ್ ಅನ್ನು ಡೆವ್‌ಎಂಗೆ ಬಿಟ್ಟು, ಮ್ಯೂಟೆಕ್ಸ್ ಅನ್ನು ರಿಮೂವ್‌ನಲ್ಲಿ ಕೈಯಾರೆ ತೆಗೆದರೆ, ಇಂಟರಪ್ಟ್ ಥ್ರೆಡ್ ಸತ್ತ ಲಾಕ್ ಹಿಡಿಯಲು ಹೋಗುತ್ತದೆ. 2024ರಲ್ಲಿ ಬಂದ ಡೆವ್‌ಎಂ ಮ್ಯೂಟೆಕ್ಸ್ ಇನಿಟ್ ಅನ್ನು ಇಂಟರಪ್ಟ್‌ಗಿಂತ ಮೊದಲು ಕರೆಯಿರಿ. ಬಿಡಿಸುವಾಗ ಕ್ರಮ ತಿರುಗುವುದರಿಂದ ಇಂಟರಪ್ಟ್ ಮೊದಲು ಹೋಗುತ್ತದೆ, ಲಾಕ್ ಕೊನೆಗೆ.

ಇನ್ನೊಂದು ವಿಷಯ ಯಾರೂ ಕೇಳುವುದೇ ಇಲ್ಲ. ಯುಎಸ್‌ಬಿ ಎಳೆದ ಮೇಲೂ ಯಾವುದೋ ಪ್ರೋಗ್ರಾಂ ಡಿವೈಸ್ ಫೈಲ್ ತೆರೆದಿಟ್ಟುಕೊಂಡಿರಬಹುದು. ನಾಳೆ ಅದು ರೀಡ್ ಕರೆದರೆ ನಿಮ್ಮ ಲಾಕ್ ಬೇಕೇ ಬೇಕು. ಅಂಥ ಕಡೆ ಲಾಕ್ ಇರುವ ಸ್ಟ್ರಕ್ಟ್‌ಗೆ ರೆಫರೆನ್ಸ್ ಎಣಿಕೆ (ಎಷ್ಟು ಜನ ಬಳಸುತ್ತಿದ್ದಾರೆ ಅನ್ನುವ ಲೆಕ್ಕ) ಇಡಿ. ಕೊನೆಯ ಬಳಕೆದಾರ ಬಿಟ್ಟ ಮೇಲೆ ಮಾತ್ರ ಫ್ರೀ ಮಾಡಿ.

ನಮ್ಮ ಕಾಲೇಜುಗಳ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ವೈವಾದಲ್ಲಿ ಡ್ರೈವರ್ ಲೋಡ್ ಆಗುವುದನ್ನಷ್ಟೇ ನೋಡಬೇಡಿ. ಒಂದು ಟರ್ಮಿನಲ್‌ನಲ್ಲಿ ರೀಡ್ ಓಡುತ್ತಿರಲಿ. ಇನ್ನೊಂದರಲ್ಲಿ ಅನ್‌ಬೈಂಡ್, ಬೈಂಡ್ (ಡ್ರೈವರ್ ಅನ್ನು ಡಿವೈಸ್‌ನಿಂದ ಬಿಡಿಸುವುದು, ಪುನಃ ಜೋಡಿಸುವುದು) ಲೂಪ್ ಹಾಕಿಸಿ. ಲಾಕ್‌ಡೆಪ್ ಆನ್ ಇರಲಿ. ಆಮೇಲೆ ಮಾರ್ಕ್ಸ್ ಹಾಕಿ.